ಹೋದವರ ಹಿಂದೆ ಗುಡಿಸಬಾರದು

ನಮ್ಮ ಮನೆಯ ವರಾಂಡದಲ್ಲಿ ಬೆಳಿಗ್ಗೆ ಏಳೂವರೆಯಿಂದ ಹೆಚ್ಚುಕಡಿಮೆ ಒಂಬತ್ತರವರೆಗೆ ನನ್ನ ಬೂಟಿನ ಗುರುತುಗಳು ಯಾರ ಹಂಗೂ ಇಲ್ಲದೆ ವಿರಾಜಮಾನವಾಗಿರುತ್ತವೆ. ಹೊಸಪೇಟೆಯಲ್ಲಿ ಮನೆ ಮಾಡಿಕೊಂಡವರಿಗೆ ಗುರುತು ಹೇಗೆ ಮೂಡಿತೆಂದು ವಿವರಿಸಬೇಕಾಗಿಲ್ಲ. ಅದಿರು ಹೊತ್ತ ಲಾರಿಗಳು ಹಗಲಿರುಳೆನ್ನದೆ ಹರಿದಾಡುವ ಈ ದಿನಗಳಲ್ಲಿ, ಸಂಜೆ ಒರೆಸಿದ ನೆಲದ ಮೇಲೆ ಬೆಳಗಾಗುವಷ್ಟರಲ್ಲಿ ಜರಡಿ ಹಿಡಿದ ಕುಂಕುಮದಂತೆ ಕೆಂಪು ಧೂಳು ಕೂತಿರುತ್ತದೆ; ಒಗೆದು ಹರವಿದ ಬಿಳಿ ಪಂಚೆ ಒಣಗುವ ಹೊತ್ತಿಗೆ ಸಂನ್ಯಾಸ ಸ್ವೀಕರಿಸಿರುತ್ತದೆ; ಬೀದಿಯ ನಾಯಿಗಳು ಜಾತಿಭೇದವಿಲ್ಲದೆ ಒಂದೇ ಬಣ್ಣಕ್ಕೆ ತಿರುಗಿವೆ. ಇಂಥ ನೆಲದ ಮೇಲೆ ನಾನು ಬೂಟು ಮೆಟ್ಟಿ ಗೇಟಿನವರೆಗೆ ನಡೆದುಹೋದೆನೆಂದರೆ ಎಡಗಾಲು ಬಲಗಾಲು ಸಮೇತ ನನ್ನ ನಿರ್ಗಮನ ದಾಖಲಾಗಿಬಿಡುತ್ತದೆ. ನನ್ನ ಹೆಂಡತಿ ಪದ್ಮಾ, ಧೂಳಿನ ವಿಷಯದಲ್ಲಿ ಕ್ಷಮೆಯೆಂಬುದನ್ನೇ ಅರಿಯದವಳು, ಆ ಒಂದೂವರೆ ಗಂಟೆ ಮಾತ್ರ ಅದನ್ನು ಕಂಡೂ ಕಾಣದವಳಂತೆ ದಾಟಿಕೊಂಡು ಓಡಾಡುತ್ತಾಳೆ.

ಇದು ಪತಿಭಕ್ತಿಯೆಂದು ನೀವು ಭಾವಿಸಿದರೆ ನನಗೇನೂ ಬೇಸರವಿಲ್ಲ. ಆದರೆ ನಿಜ ಬೇರೆ. ಮನೆಯಿಂದ ಹೊರಟವರು ಹೋಗಬೇಕಾದಲ್ಲಿಗೆ ಹೋಗಿ ಮುಟ್ಟುವ ತನಕ ಅವರ ಹಿಂದೆ ಕಸ ಗುಡಿಸಬಾರದು. ಇದು ನಮ್ಮ ಮನೆತನದ ಅಲಿಖಿತ ಸಂವಿಧಾನದ ಮೊದಲನೆಯ ವಿಧಿ. ನಿಮ್ಮ ಮನೆಯಲ್ಲೂ ಇದ್ದೀತು. ಯಾಕೆಂದು ಚಿಕ್ಕಂದಿನಲ್ಲಿ ಕೇಳಿದರೆ ಅಮ್ಮ ಬಾಯಿಯ ಮೇಲೊಂದು ಕೊಟ್ಟು ಸುಮ್ಮನಾಗಿಸುತ್ತಿದ್ದಳು. ದೊಡ್ಡವನಾದ ಮೇಲೆ ತಾನಾಗಿ ತಿಳಿಯಿತು. ಒಬ್ಬರು ಹೊಸಿಲು ದಾಟಿದ ಕೂಡಲೇ ಬೆನ್ನಿಗೇ ಮನೆ ಗುಡಿಸಿ ತೊಳೆಯುವ ಸಂದರ್ಭ ಲೋಕದಲ್ಲಿ ಒಂದೇ ಒಂದು. ಅಂಥ ಹೊತ್ತಿನಲ್ಲಿ ಹೊಸಿಲು ದಾಟುವವರು ತಮ್ಮ ಕಾಲಿನಿಂದ ನಡೆದು ದಾಟುವುದಿಲ್ಲ. ಹೆಣ ಹೊರಟ ಮೇಲೆ ಮಾಡುವ ಕೆಲಸವನ್ನು ಬದುಕಿರುವವರ ಬೆನ್ನಿಗೆ ಮಾಡುವುದು ಹೇಗೆ?

ಈ ವಿಧಿಯ ಪರಿಪಾಲನೆಯಲ್ಲಿ ನಮ್ಮ ಹೆಂಗಸರು ಸಂಪಾದಿಸಿದ್ದ ಸಾರಿಗೆಜ್ಞಾನ ಸಾಮಾನ್ಯವಾದುದಲ್ಲ. ಅಪ್ಪ ಬಳ್ಳಾರಿಗೆ ಹೊರಟರೆ ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆ, ರೈಲ್ವೆ ಗೇಟಿನಲ್ಲಿ ಎಷ್ಟು ಹೊತ್ತು ಕಾಯುತ್ತದೆ ಎಂಬುದನ್ನೆಲ್ಲ ಮನಸ್ಸಿನಲ್ಲೇ ಕೂಡಿಸಿ ಅಮ್ಮ ಸರಿಯಾದ ಗಳಿಗೆಗೆ ಕಸಬರಿಗೆ ಕೈಗೆತ್ತಿಕೊಳ್ಳುತ್ತಿದ್ದಳು. ಅಜ್ಜ ಕಾಶಿಗೆ ಹೋದಾಗ ಮಾತ್ರ ಲೆಕ್ಕ ಕೈಕೊಟ್ಟು, ಮುಟ್ಟಿದ ಕಾರ್ಡು ಬರುವವರೆಗೆ ಅಜ್ಜಿ ಮನೆ ಗುಡಿಸಲಿಲ್ಲ. ಕಾರ್ಡು ಬಂದದ್ದು ಅಜ್ಜ ತಿರುಗಿ ಬಂದ ಮಾರನೆಯ ದಿನ. ಅಷ್ಟು ದಿನ ಮೊಮ್ಮಕ್ಕಳಾದ ನಾವು ಕಡಲೆಕಾಯಿ ಸಿಪ್ಪೆಯನ್ನು ಎಲ್ಲೆಂದರಲ್ಲಿ ಚೆಲ್ಲಿ, ಪ್ರತಿ ವರ್ಷವೂ ಯಾರಾದರೂ ಕಾಶಿಗೆ ಹೋಗಲೆಂದು ಹಾರೈಸಿದ್ದೆವು.

ಮೊಬೈಲು ಬಂದ ಮೇಲೆ ಸಂವಿಧಾನಕ್ಕೊಂದು ತಿದ್ದುಪಡಿ ಆಯಿತು. ನಾನು ಕೆಲಸ ಮಾಡುವುದು ಸಂಡೂರಿನ ಗುಡ್ಡದ ಮೇಲಿನ ಒಂದು ಅದಿರು ಕಂಪನಿಯಲ್ಲಿ. ಅಲ್ಲಿ ನೆಟ್‌ವರ್ಕು ಸಿಗುವುದು ಕ್ಯಾಂಟೀನಿನ ಹಿಂದಿನ ಬೇವಿನ ಮರದ ಕೆಳಗೆ ಮಾತ್ರ. ಕಂಪನಿಯ ಬಸ್ಸು ಲಾರಿಗಳ ಸಾಲನ್ನು ದಾಟಿ ಗುಡ್ಡ ಹತ್ತಿದ ಮೇಲೆ ನಾವು ಹತ್ತಾರು ಗೃಹಸ್ಥರು ಆ ಮರದ ಬುಡದಲ್ಲಿ ಗುಂಪುಗೂಡಿ, ಒಬ್ಬೊಬ್ಬರಾಗಿ ಮನೆಗೊಂದು ಮಿಸ್ಡ್ ಕಾಲ್ ಕೊಟ್ಟು ಚದುರುತ್ತೇವೆ. ಒಂದು ಸಲ ರಿಂಗಾಗಿ ನಿಂತರೆ ಮುಟ್ಟಿದ್ದೇನೆಂದು ಅರ್ಥ. ಅತ್ತ ಹೊಸಪೇಟೆಯಲ್ಲಿ ಪದ್ಮಾ ಎದ್ದು ಸೆರಗು ಸಿಕ್ಕಿಸಿ ನನ್ನ ಹೆಜ್ಜೆಗಳನ್ನು ಒಂದೊಂದಾಗಿ ಗುಡಿಸಿ ಹಾಕುತ್ತಿದ್ದಳು.

ಕಂಪನಿಯಲ್ಲಿ ನನ್ನ ಕೆಲಸವೇನೆಂದು ಹೇಳಲು ನನಗೆ ಸಂಕೋಚ, ಕೇಳಿದವರಿಗೆ ನಗು. ನಾನು ಹೌಸ್‌ಕೀಪಿಂಗ್ ಇನ್‌ಚಾರ್ಜ್. ಧೂಳಿನ ಪರ್ವತದ ಮೇಲೆ ಕೂತು, ಧೂಳನ್ನೇ ಅಗೆದು ಧೂಳನ್ನೇ ಮಾರುವ ಸಂಸ್ಥೆಯಲ್ಲಿ ಧೂಳು ಕೂಡದಂತೆ ನೋಡಿಕೊಳ್ಳುವ ಈ ಹುದ್ದೆಯನ್ನು ಸೃಷ್ಟಿಸಿದ ಪುಣ್ಯಾತ್ಮನಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು. ಜಪಾನಿನ ಯಾವುದೋ ಪದ್ಧತಿಯಂತೆ. ಬೇಕಾದ್ದು ಬೇಡವಾದ್ದು ಬೇರೆ ಮಾಡಬೇಕು, ಬೇಡವಾದ್ದಕ್ಕೆ ಕೆಂಪು ಚೀಟಿ ಕಟ್ಟಬೇಕು, ಚೀಟಿ ಕಟ್ಟಿದ್ದನ್ನು ಮುಲಾಜಿಲ್ಲದೆ ಹೊರಗೆ ಹಾಕಬೇಕು. ಮನೆಯಲ್ಲಿ ಒಂದು ಲೋಟ ತೊಳೆದಿಡದ ನಾನು ಈ ಶಾಸ್ತ್ರದಲ್ಲಿ ಪಾರಂಗತನಾಗಿ, ಕಿರಿಯರಿಗೆ ಉಪನ್ಯಾಸ ಕೊಡುವ ಮಟ್ಟಕ್ಕೆ ಏರಿದ್ದೆ. ಸ್ವಚ್ಛತೆಯ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲವೆಂದು ಆ ವರ್ಷದ ಮಳೆಗಾಲದವರೆಗೂ ನಂಬಿದ್ದೆ.

ಈಗ ನನ್ನ ಅಕ್ಕ ಇಂದಿರಕ್ಕನ ವಿಷಯ ಹೇಳಬೇಕು. ಅವಳನ್ನು ಕೊಟ್ಟದ್ದು ಕಂಪ್ಲಿಗೆ. ಕೋಟೆಯ ಒಳಗೆ, ಹೊಳೆಗೆ ಹತ್ತಿರದ ಓಣಿಯಲ್ಲಿ ಕಲ್ಲುಗೋಡೆಯ ಮನೆ. ಶ್ರೀನಿವಾಸ ಭಾವ ಹೊಳೆದಂಡೆಯ ಪುಟ್ಟ ಹನುಮಪ್ಪನ ಗುಡಿಯ ಅರ್ಚಕರು, ಊರಿಗೆಲ್ಲ ಆಚಾರ್ರು. ಮಕ್ಕಳಿರಲಿಲ್ಲ. ಆ ಕೊರತೆಯನ್ನು ಭಾವ ತಮ್ಮ ಮರೆವಿನಿಂದ ತುಂಬಿಕೊಟ್ಟಿದ್ದರು ಎನ್ನಬೇಕು. ಅವರನ್ನು ನೋಡಿಕೊಳ್ಳುವುದು ಮೂರು ಮಕ್ಕಳನ್ನು ನೋಡಿಕೊಂಡಷ್ಟು ಕೆಲಸ. ಭಾವ ಮನೆಯಿಂದ ಒಮ್ಮೆಗೇ ಹೊರಟುಹೋದ ದಾಖಲೆ ಇಲ್ಲ. ಗುಡಿಗೆ ಹೊರಟವರು ಗುಡಿಯ ಕೀಲಿ ಮರೆತು ಬರುವರು, ಕೀಲಿ ಒಯ್ದವರು ಕೊಡೆ ಮರೆತು ಬರುವರು, ಕೊಡೆ ಒಯ್ದವರು ಚಷ್ಮಾಕ್ಕಾಗಿ ಬರುವರು. ಪ್ರತಿ ಸಲ ಹೊಸಿಲು ದಾಟುವಾಗಲೂ ಒಂದೇ ಮಾತು: “ಬಂದೆ.” ಹೋಗುತ್ತೇನೆ ಎಂದು ಅವರ ಬಾಯಲ್ಲಿ ನಾನು ಕೇಳಿದ್ದಿಲ್ಲ. ಅಕ್ಕ ಕಸಬರಿಗೆಯನ್ನು ಪಕ್ಕದಲ್ಲಿಟ್ಟುಕೊಂಡು, ಭಾವನ ಮೂರನೆಯ ಪುನರಾಗಮನ ಮುಗಿದು, ಆಮೇಲೆ ಗುಡಿಯ ಗಂಟೆ ಕೇಳಿಸಿದ ಮೇಲಷ್ಟೇ ಏಳುವಳು. ಗುಡಿಯ ಗಂಟೆಯೇ ಅವಳ ಮಿಸ್ಡ್ ಕಾಲ್.

ಆ ವರ್ಷ ಮಳೆಗಾಲ ಮುಗಿಯಿತೆಂದು ಎಲ್ಲರೂ ಕೊಡೆ ಮಡಚಿಟ್ಟ ಮೇಲೆ ಮಳೆ ಹಿಡಿಯಿತು. ಮೇಲಿನಿಂದ ನೀರು ಬಂದ ಹಾಗೆಲ್ಲ ಅಣೆಕಟ್ಟಿನ ಗೇಟುಗಳನ್ನು ಎತ್ತಿದರು. ಕಂಪ್ಲಿಯ ಕೋಟೆಯಲ್ಲಿ ಬೆಳಿಗ್ಗೆ ಜೀಪು ಬಂದು, ಎಲ್ಲರೂ ಮನೆ ಬಿಟ್ಟು ಮೇಲಿನ ಶಾಲೆಗೆ ಹೋಗಬೇಕೆಂದು ಮೈಕಿನಲ್ಲಿ ಸಾರಿಕೊಂಡು ಹೋಯಿತು. ಜನ ಗಂಟುಮೂಟೆ ಕಟ್ಟುತ್ತಿದ್ದಾಗ ಭಾವ, ಗುಡಿಯಲ್ಲಿದ್ದ ಗೇಣುದ್ದದ ಉತ್ಸವಮೂರ್ತಿಯನ್ನು ಎತ್ತಿಕೊಂಡು ಬರುತ್ತೇನೆಂದು ಹೊಳೆಯ ಕಡೆಗೆ ಹೋದರು. ಓಣಿಯಲ್ಲಿ ಮೊಣಕಾಲು ಮಟ್ಟ ನೀರಾದಾಗ ಪಕ್ಕದ ಓಣಿಯ ಹುಲಿಗೆಮ್ಮ, ಅಕ್ಕನ ಮನೆಯಲ್ಲಿ ಮುಸುರೆ ತಿಕ್ಕಿಕೊಡುವವಳು, ಅಕ್ಕನ ರಟ್ಟೆ ಹಿಡಿದು ಶಾಲೆಗೆ ಎಳೆದುಕೊಂಡು ಹೋದಳು. ಭಾವ ನೇರ ಶಾಲೆಗೇ ಬಂದಿರುತ್ತಾರೆಂದು ಹೇಳಿ ಕರೆದೊಯ್ದಳಂತೆ. ಭಾವ ಅಲ್ಲಿ ಇರಲಿಲ್ಲ. ಅವರು ಗುಡಿಯತ್ತ ಹೋದದ್ದನ್ನು ನೋಡಿದವರು ಹಲವರಿದ್ದರು, ಬಂದದ್ದನ್ನು ಕಂಡವರು ಯಾರೂ ಇರಲಿಲ್ಲ.

ನೀರು ಎರಡು ದಿನ ನಿಂತು ಇಳಿಯಿತು. ಪೊಲೀಸರಿಗೆ ಹೇಳಿದೆವು, ಹರಿಗೋಲಿನವರು ದಂಡೆಗುಂಟ ಹುಡುಕಿದರು, ಸಿಗಲಿಲ್ಲ. ಏನೂ ಮಾಡಲು ತೋಚದಾಗ ಮನುಷ್ಯ ತನಗೆ ಗೊತ್ತಿರುವ ಕೆಲಸವನ್ನೇ ಮಾಡುತ್ತಾನೆ. ನನಗೆ ಗೊತ್ತಿದ್ದದ್ದು ಹೌಸ್‌ಕೀಪಿಂಗ್. ಗಮ್ ಬೂಟು, ರಬ್ಬರಿನ ಕೈಗವಸು, ಉದ್ದ ಹಿಡಿಯ ಸಲಿಕೆಗಳು, ಎರಡು ಚೀಲ ಬ್ಲೀಚಿಂಗ್ ಪೌಡರು, ತಲೆಯ ಮೇಲೆ ಕಂಪನಿಯ ಹಳದಿ ಹೆಲ್ಮೆಟ್ಟು ಸಮೇತ ಟಂಟಂ ಗಾಡಿಯಿಂದ ನಾನು ಇಳಿದಾಗ ಓಣಿಯ ಜನ ಸರಕಾರವೇ ಬಂದಿತೆಂದು ಎದ್ದು ನಿಂತರು. ಜೊತೆಗೆ ಬಂದಿದ್ದ ಪದ್ಮಾ ಮಾತ್ರ ಹೆಲ್ಮೆಟ್ಟು ತೆಗೆಯಿರೆಂದು ಮೆಲ್ಲಗೆ ಹೇಳಿದಳು.

ಬಾಗಿಲು ಉಬ್ಬಿಕೊಂಡಿತ್ತು, ಹೆಗಲು ಕೊಟ್ಟು ದೂಡಬೇಕಾಯಿತು. ಒಳಗೆ ಮೀನಗಂಡದವರೆಗೆ ರಾಡಿ. ನಡುಮನೆಯಲ್ಲಿ ಅಕ್ಕಿಯ ಡಬ್ಬಿ ತಲೆಕೆಳಗಾಗಿ, ಅಕ್ಕಿ ಉಬ್ಬಿ ಹುಳಿತು ನಾರುತ್ತಿತ್ತು. ಅಡಿಗೆಮನೆಯ ಒಲೆಯಲ್ಲಿ ಒಂದು ಮೀನು ಸತ್ತು ಬಿದ್ದಿತ್ತು. ಈರುಳ್ಳಿಯನ್ನೂ ಒಳಗೆ ಬಿಟ್ಟುಕೊಳ್ಳದ ನನ್ನಕ್ಕನ ಒಲೆ ಅದು. ನಾಲ್ಕೂ ಗೋಡೆಗಳ ಮೇಲೆ ನನ್ನ ಎದೆಯ ಮಟ್ಟಕ್ಕೆ ಹೊಳೆ ದಾರ ಹಿಡಿದಂತೆ ಗೆರೆ ಎಳೆದು ಹೋಗಿತ್ತು. ಆ ಗೆರೆಗೆ ಮೂರು ಬೆರಳು ಮೇಲೆ ಗೋಡೆಯೊಳಗೊಂದು ಗೂಡು. ಗೂಡಿನಲ್ಲಿ ಭಾವನ ಚಷ್ಮಾ, ಕಡ್ಡಿ ಮಡಚಿಕೊಂಡು, ಒಂದು ಹನಿ ನೀರು ಸೋಕದೆ ಕೂತಿತ್ತು. ಪದ್ಮಾ ಅದನ್ನು ನೋಡಿ ಹೊರಗೆ ಹೋಗಿ ನಿಂತುಬಿಟ್ಟಳು.

ನಾನು ಕೆಂಪು ಚೀಟಿಗಳ ಕಟ್ಟು ಬಿಚ್ಚಿದೆ. ಈಗ ನೆನೆದರೆ ಕೆನ್ನೆಗೆ ಹೊಡೆದುಕೊಳ್ಳಬೇಕೆನಿಸುತ್ತದೆ. ಜಮಖಾನಕ್ಕೊಂದು, ಉಬ್ಬಿದ ಟ್ರಂಕಿಗೊಂದು, ಮರದ ಮಣೆಗೊಂದು, ಮೂಲೆಯಲ್ಲಿ ಕಡ್ಡಿ ಮುರಿದು ಬಿದ್ದಿದ್ದ ಭಾವನ ಕೊಡೆಗೊಂದು, ಹೀಗೆ ಬೇಡವಾದ್ದಕ್ಕೆಲ್ಲ ಚೀಟಿ ಕಟ್ಟುತ್ತ ಹೊರಟೆ. ಶಾಲೆಯಿಂದ ಬಂದ ಅಕ್ಕ ನನ್ನ ಹಿಂದೆ ಹಿಂದೆಯೇ ಬಂದು, ಕಟ್ಟಿದ ಚೀಟಿಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಆಮೇಲೆ ಹೊರಗಿನ ಕಟ್ಟೆಯ ಮೇಲೆ ಕೂತು ಹೇಳಿದಳು.

“ಯಾರೂ ಕಸಬರಿಗಿ ಮುಟ್ಟಬ್ಯಾಡ್ರಿ. ಅವರು ಬಂದ ಮ್ಯಾಲೆ ನಾನೇ ಗುಡಸ್ತೀನಿ.”

“ಅಕ್ಕಾ, ಇದು ಕಸ ಅಲ್ಲ, ರಾಡಿ. ಹಾವು ಚೇಳು ಸೇರ್ತಾವ, ಜಡ್ಡು ಬರ್ತದ.”

“ರಾಡಿ ಅಂತ ನನಗೂ ಕಾಣಸ್ತದ ಮಾಧು. ಚಷ್ಮಾ ಅವರದು. ನನ್ನ ಕಣ್ಣು ನೆಟ್ಟಗ ಅದಾವ.”

ದುಃಖದಿಂದ ಅವಳ ಬುದ್ಧಿ ಕಲಕಿದೆಯೆಂದುಕೊಂಡೆ. ಬುದ್ಧಿ ಕಲಕಿದವರೊಡನೆ ವಾದ ಮಾಡಬಾರದು, ಅವರ ಕಣ್ಣು ತಪ್ಪಿಸಿ ಕೆಲಸ ಮುಗಿಸಬೇಕೆಂಬ ವಿವೇಕ ನನ್ನಲ್ಲಿ ಉದಯಿಸಿತು. ಮಾರನೆಯ ದಿನ ಅಕ್ಕ ಹರಿಗೋಲಿನವರನ್ನು ವಿಚಾರಿಸಲು ದಂಡೆಗೆ ಹೋದದ್ದೇ ತಡ, ಹುಲಿಗೆಮ್ಮನನ್ನೂ ಅವಳ ಗಂಡನನ್ನೂ ಕರೆದು ಸಲಿಕೆ ಹಿಡಿಸಿದೆ. ತಮ್ಮ ಮನೆಯ ರಾಡಿಯನ್ನೇ ಇನ್ನೂ ಪೂರ್ತಿ ಎತ್ತಿರದ ಅವರು ಎರಡು ಮಾತಿಲ್ಲದೆ ಬಂದರು. ಹನ್ನೊಂದು ಗಂಟೆಗೆ ನಡುಮನೆಯ ಕಲ್ಲುಹಾಸು ಕಾಣಿಸಿತು. ನಾನು ಕೊನೆಯ ಬಕೆಟ್ಟು ನೀರು ಹಾಕಿ, ಸೊಂಟದ ಮೇಲೆ ಕೈಯಿಟ್ಟು, ಕಂಪನಿಯ ಇನ್ಸ್‌ಪೆಕ್ಷನ್ನಿಗೆ ನಿಂತವನ ಹಾಗೆ ತೃಪ್ತಿಯಿಂದ ನಿಂತಿದ್ದೆ. ಅಕ್ಕ ಬಂದಳು.

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಬಾಗಿಲಲ್ಲಿ ನಿಂತು ಒದ್ದೆ ನೆಲವನ್ನು ನೋಡಿದಳು. ಆಮೇಲೆ ಓಣಿಗಿಳಿದು, ನಾವು ಎಳೆದು ಹಾಕಿದ್ದ ರಾಡಿಯ ಗುಡ್ಡೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಎರಡೂ ಕೈಯಿಂದ ರಾಡಿಯನ್ನು ಪುಟ್ಟಿಗೆ ತುಂಬಿದಳು. ಪುಟ್ಟಿಯನ್ನು ಹೊತ್ತು ಒಳಗೆ ತಂದು ನಡುಮನೆಯಲ್ಲಿ ಸುರಿದಳು. ತಿರುಗಿ ಹೋಗಿ ಇನ್ನೊಂದು ಪುಟ್ಟಿ ತುಂಬಿದಳು. ಐವತ್ತು ದಾಟಿದ ನನ್ನಕ್ಕ, ಮಡಿಯುಟ್ಟಾಗ ನಮ್ಮ ನೆರಳೂ ಸೋಕಗೊಡದವಳು, ಮೊಣಕೈವರೆಗೆ ರಾಡಿ ಮಾಡಿಕೊಂಡು ಹೊಳೆ ತಂದದ್ದನ್ನು ಮನೆಯೊಳಗೆ ಹೊರುತ್ತಿದ್ದಳು. ಮೂರನೆಯ ಪುಟ್ಟಿಗೆ ನಾನು ಅವಳ ಕೈ ಹಿಡಿದೆ. ಆಗ ಅವಳು ಅತ್ತಳು. ಅಳುತ್ತಲೇ ಹೇಳಿದಳು.

“ಬಂದೆ ಅಂತ ಹೇಳಿ ಅತ್ಲಾಗ ಹೋದ್ರು ಮಾಧು. ಚಷ್ಮಾ ಗೂಡಿನಾಗ ಬಿಟ್ಟು ಹೋಗಿದ್ರು. ಇನ್ನೇನು ತಿರುಗಿ ಬರ್ತಾರ ಬಿಡು ಅಂದ್ಕೊಂಡೆ. ಎಷ್ಟು ದಿನ ಮನಿ ಬಿಟ್ಟು ಇರಬೇಕೋ ಏನೋ, ಕಸ ಇಟ್ಟು ಕೀಲಿ ಹಾಕಬಾರದು ಅಂತ ಗುಡಿಸಿಬಿಟ್ಟೆ. ಗಂಟಿ ಕೇಳಿಸಿರಲಿಲ್ಲ. ಮೂವತ್ತೆರಡು ವರ್ಷ ಒಂದಿನಾನೂ ಹಂಗ ಮಾಡಿದಾಕಿ ಅಲ್ಲ. ಅವತ್ತು ಅವರ ಬೆನ್ನಿಗೇ ಗುಡಿಸಿದೆ.”

ಅವಳ ಬುದ್ಧಿ ಕಲಕಿರಲಿಲ್ಲ. ನನಗೆ ತಿಳಿದಿರಲಿಲ್ಲ, ಅಷ್ಟೇ. ಹೊಳೆಯನ್ನೂ ಮಳೆಯನ್ನೂ ಬಿಟ್ಟು, ಗಂಡನನ್ನು ಕಳಿಸಿಕೊಟ್ಟವಳು ತಾನೇ ಎಂಬ ಹೊರೆಯನ್ನು ಅವಳೊಬ್ಬಳೇ ಐದು ದಿನ ಹೊತ್ತಿದ್ದಳು. ನಾನು ಬಂದು ಎರಡನೆಯ ಸಲ ಗುಡಿಸಿಬಿಟ್ಟಿದ್ದೆ. ವಿದ್ಯಾವಂತನಾದ ನನಗೆ ಹೇಳಲು ಮಾತುಗಳು ಬೇಕಾದಷ್ಟಿದ್ದವು. ಕಸಬರಿಗೆಗೂ ಪ್ರವಾಹಕ್ಕೂ ಸಂಬಂಧವಿಲ್ಲವೆನ್ನಬಹುದಿತ್ತು. ಇದು ಬರೀ ನಂಬಿಕೆ ಎನ್ನಬಹುದಿತ್ತು. ದಿನಾ ಬೆಳಿಗ್ಗೆ ಬೇವಿನ ಮರದ ಕೆಳಗೆ ಸರತಿಯಲ್ಲಿ ನಿಲ್ಲುವ ಬಾಯಿಂದ ಆ ಮಾತು ಹೊರಡಲಿಲ್ಲ. ಮಾತನಾಡಿದವಳು ಹುಲಿಗೆಮ್ಮ. ಕೈಯಲ್ಲಿದ್ದ ಸಲಿಕೆಯನ್ನು ಗೋಡೆಗೆ ಒರಗಿಸಿ ಅಕ್ಕನ ಎದುರು ಕೂತಳು.

“ಅಮ್ಮಾರ, ನೀವು ಗುಡಿಸಿದ್ದು ಎಲ್ಲಿ ಉಳೀತ್ರೀ? ಹೊಳಿ ಬಂದು ಅದರ ಹತ್ತು ಪಟ್ಟು ತಿರುಗಿ ತಂದು ಹಾಕೇತಿ. ಈಗ ಇದು ಗುಡಿಸದ ಮನಿನಾ. ಆಚಾರ್ರ ಸುದ್ದಿ ಬರೋತನಕ ಹಿಂಗಾ ಇರ್ಲಿ ಬಿಡ್ರಿ. ಕೈ ತೊಳ್ಕೊಳ್ರಿ ಈಗ.”

ಹೇಳಿ ಎದ್ದು, ಗಂಡನ ಕೈಗೆ ಪುಟ್ಟಿ ಕೊಟ್ಟು, ಓಣಿಯಲ್ಲಿ ಉಳಿದಿದ್ದ ರಾಡಿಯನ್ನು ತಾನೇ ತುಂಬಿ ತುಂಬಿ ಒಳಗೆ ಹಾಕಿಸಿದಳು. ನಾನೂ ಸಲಿಕೆ ಎತ್ತಿಕೊಂಡೆ. ತೊಳೆದ ನೆಲವನ್ನು ಮತ್ತೆ ಹೊಲಸು ಮಾಡಿದ ಹೌಸ್‌ಕೀಪಿಂಗ್ ಇನ್‌ಚಾರ್ಜ್ ಜಗತ್ತಿನಲ್ಲಿ ನಾನೊಬ್ಬನೇ ಇದ್ದೇನು. ಅಷ್ಟು ಶ್ರದ್ಧೆಯಿಂದ ನಾನು ಯಾವ ಕೆಲಸವನ್ನೂ ಮಾಡಿದ ನೆನಪಿಲ್ಲ.

ಆಮೇಲಿನ ದಿನಗಳಲ್ಲಿ ಕೋಟೆಯ ಮನೆಗಳು ಒಂದೊಂದಾಗಿ ಮೈತೊಳೆದುಕೊಂಡವು. ಹಾಸಿಗೆಗಳು ಮಾಳಿಗೆ ಏರಿದವು, ಗೋಡೆಗಳು ಸುಣ್ಣ ಕಂಡವು, ಬ್ಲೀಚಿಂಗ್ ಪೌಡರಿನ ಘಾಟಿನ ನಡುವೆ ಎಲ್ಲೋ ಒಗ್ಗರಣೆಯ ವಾಸನೆ ಎದ್ದಿತು. ಅಕ್ಕನ ಮನೆ ಮಾತ್ರ ಹಾಗೆಯೇ ಇತ್ತು. ರಾಡಿ ಮೇಲೆ ಬೆಳ್ಳಗೆ ಒಣಗಿ ಬಿರುಕುಬಿಟ್ಟು, ಅಂಚುಗಳು ಹಪ್ಪಳದಂತೆ ಮೇಲಕ್ಕೆದ್ದವು. ಮನೆಗಳ ಪಟ್ಟಿ ಬರೆದುಕೊಳ್ಳಲು ಬಂದ ಗುಮಾಸ್ತ ಒಳಗೆ ಇಣುಕಿ, ಇನ್ನೂ ಯಾಕೆ ತೊಳೆದಿಲ್ಲವೆಂದು ಕೇಳಿದ. ಯಜಮಾನರು ಹೊರಗೆ ಹೋಗ್ಯಾರ, ಎಂದಳು ಹುಲಿಗೆಮ್ಮ. ಆತ ತಲೆಯಾಡಿಸಿ ಮುಂದಿನ ಮನೆಗೆ ಹೋದ. ಅಕ್ಕ ರಾತ್ರಿ ಹುಲಿಗೆಮ್ಮನ ಮನೆಯಲ್ಲಿ ಮಲಗಿ, ಬೆಳಗಾದರೆ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದಳು. ನಾನು ಕೆಲಸಕ್ಕೆ ಹೋಗುತ್ತಿದ್ದೆ. ಸಂಜೆಯ ಬಸ್ಸಿಗೆ ಕಂಪ್ಲಿಗೆ ಬಂದು ಅವಳ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು ತಿರುಗಿ ಹೋಗುತ್ತಿದ್ದೆ. ಒಮ್ಮೆ ಅವಳು, ಗೂಡಿನ ಚಷ್ಮಾ ನೀನು ಮುಟ್ಟಿಲ್ಲ ತಾನೆ ಎಂದು ಕೇಳಿದಳು. ಮುಟ್ಟಿಲ್ಲವೆಂದೆ.

ಒಂದು ಬೆಳಿಗ್ಗೆ ಬೇವಿನ ಮರದ ಕೆಳಗೆ ನಿಂತು ಮನೆಗೆ ಮಿಸ್ಡ್ ಕಾಲ್ ಕೊಟ್ಟು ಫೋನು ಜೇಬಿಗೆ ಹಾಕಬೇಕು, ಅದೇ ರಿಂಗಾಯಿತು. ಒಂದು ರಿಂಗಿಗೆ ನಿಲ್ಲಲಿಲ್ಲ. ಕಂಪ್ಲಿಯ ಪೊಲೀಸರು. ನೀರು ಪೂರ್ತಿ ಇಳಿದ ಮೇಲೆ, ಎರಡು ಊರು ಕೆಳಗೆ, ಭತ್ತದ ಗದ್ದೆಯ ಜಾಲಿ ಬೇಲಿಯಲ್ಲಿ ಸಿಕ್ಕಿದ್ದಾರೆಂದು ಹೇಳಿದರು. ಪದ್ಮಾಳನ್ನು ಅಕ್ಕನ ಬಳಿಗೆ ಕಳಿಸಿ, ಏನೂ ಹೇಳಬೇಡವೆಂದು ಹೇಳಿ, ಭಾವನ ಅಣ್ಣನ ಮಗನನ್ನು ಕರೆದುಕೊಂಡು ನಾನು ಅಲ್ಲಿಗೆ ಹೋದೆ. ಗದ್ದೆಯವರು ತಮ್ಮ ಕಂಬಳಿಯನ್ನೇ ಹೊದಿಸಿದ್ದರು. ಮುಖದಿಂದ ಗುರುತು ಹಿಡಿಯುವ ಹಾಗಿರಲಿಲ್ಲ. ಸೊಂಟಕ್ಕೆ ಶಲ್ಯ ಬಿಗಿದಿತ್ತು. ಶಲ್ಯದ ಗಂಟಿನೊಳಗೆ ಗೇಣುದ್ದದ ಹನುಮಪ್ಪ ಇದ್ದ. ಆ ಭಾರ ಇಲ್ಲದಿದ್ದರೆ ಅವರು ಈಜಿ ದಡ ಸೇರುತ್ತಿದ್ದರೇನೋ. ಹೊಳೆದಂಡೆಯಲ್ಲೇ ಬೆಳೆದ ಮನುಷ್ಯ. ದೇವರ ಮೇಲೆ ನನಗೆ ಆಗ ಬಂದ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಜೀವನದಲ್ಲಿ ಭಾವ ಮರೆಯದೆ ತೆಗೆದುಕೊಂಡು ಬಂದದ್ದು ಅದೊಂದನ್ನೇ.

ಮನೆಗೆ ಒಯ್ಯುವ ಸ್ಥಿತಿಯಲ್ಲಿ ದೇಹವಿರಲಿಲ್ಲ. ಅಲ್ಲೇ ಹೊಳೆಯ ದಂಡೆಯಲ್ಲಿ ಅಣ್ಣನ ಮಗ ಬೆಂಕಿ ಕೊಟ್ಟ. ಹೊಳೆ ಆಗ ಏನೂ ಗೊತ್ತಿಲ್ಲದ ಹಾಗೆ ತಿಳಿಯಾಗಿ ಹರಿಯುತ್ತಿತ್ತು. ಅದರಲ್ಲೇ ಮುಳುಗಿ ಎದ್ದು, ಒದ್ದೆ ಪಂಚೆಯಲ್ಲೇ ಕಂಪ್ಲಿಗೆ ಬಂದೆ. ಅಕ್ಕನಿಗೆ ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಓಣಿಯ ತಿರುವಿನಲ್ಲಿ ಕಾಣಿಸಿಕೊಂಡದ್ದೇ ಅವಳು ನನ್ನ ಪಂಚೆಯನ್ನು ನೋಡಿದಳು. ಅದು ಒದ್ದೆಯಾಗಿರುವುದನ್ನು ನೋಡಿದಳು. ಮತ್ತೆ ಹೇಳುವುದೇನೂ ಉಳಿಯಲಿಲ್ಲ. ಆದರೂ ನಾನು ಹೇಳಿದೆ.

“ಮನಿ ಕಡೆನೇ ಬರ್ತಿದ್ರು ಅಕ್ಕಾ. ದೇವರನ್ನ ಸೊಂಟಕ್ಕ ಕಟಗೊಂಡು ತಿರುಗಿ ಬರ್ತಿದ್ರು.”

ಪದ್ಮಾ ಅಕ್ಕನ ಬೆನ್ನ ಮೇಲೆ ಕೈಯಿಟ್ಟು ಅಳುತ್ತಿದ್ದಳು. ಆಮೇಲೆ ಅಕ್ಕ, ಊರಿಗೆ ಹೋದವರ ವಿಷಯ ವಿಚಾರಿಸುವಾಗ ಅಮ್ಮ ಕೇಳುತ್ತಿದ್ದ ಅದೇ ಧ್ವನಿಯಲ್ಲಿ ಕೇಳಿದಳು.

“ಮುಟ್ಟಿದ್ರೇನು?”

“ಮುಟ್ಟಿದ್ರು, ಅಕ್ಕಾ.”

“ಹಂಗಾರ ಕಸಬರಿಗಿ ತಾ.”

ಕಸಬರಿಗೆಯಿಂದ ಆಗುವ ಕೆಲಸ ಅದಾಗಿರಲಿಲ್ಲ. ರಾಡಿ ಒಣಗಿ ಕಲ್ಲಾಗಿತ್ತು. ಹುಲಿಗೆಮ್ಮನ ಗಂಡ ಗುದ್ದಲಿಯಿಂದ ಒಡೆದುಕೊಟ್ಟ, ನಾವು ಹೊತ್ತು ಹಾಕಿದೆವು. ಆದರೆ ಅಡಿಗೆಮನೆಯಿಂದ ಹೊಸಿಲವರೆಗೆ ಗುಡಿಸಿದವಳು ಅಕ್ಕನೇ. ಯಾರಿಗೂ ಕೊಡಲಿಲ್ಲ. ಒಂದೇ ಜಾಗವನ್ನು ಎರಡೆರಡು ಸಲ ಗುಡಿಸುತ್ತ, ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತ, ಸಂದಿಗೊಂದಿಯ ಮಣ್ಣನ್ನೂ ಬೆರಳಿನಿಂದ ಕೆದಕಿ ತೆಗೆದು, ಹೊಸಿಲಾಚೆ ದೂಡಿದಳು. ಆಮೇಲೆ ನೀರು ಹಾಕಿ ತೊಳೆದಳು. ಅವಳು ಬಗ್ಗಿ ಗುಡಿಸುವುದನ್ನು ನೋಡುತ್ತ ನಾನು ಹಿತ್ತಲಿಗೆ ಹೋಗಿ ಗಟ್ಟಿಯಾಗಿ ಅತ್ತೆ. ಗೂಡಿನ ಚಷ್ಮಾವನ್ನು ಅವಳು ಎಲ್ಲಕ್ಕಿಂತ ಕೊನೆಗೆ ತೆಗೆದು, ಸೆರಗಿನಿಂದ ಒರೆಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅಕ್ಕ ಈಗ ಹೊಸಪೇಟೆಯಲ್ಲಿ ನಮ್ಮ ಜೊತೆಗೇ ಇದ್ದಾಳೆ. ಬೆಳಗಿನ ವರಾಂಡದ ಅಧಿಕಾರ ಪದ್ಮಾಳಿಂದ ಅವಳಿಗೆ ಹಸ್ತಾಂತರವಾಗಿದೆ. ನಾನು ಹೊರಟ ಮೇಲೆ ಫೋನನ್ನು ತೊಡೆಯ ಮೇಲೆ, ಕಸಬರಿಗೆಯನ್ನು ಪಕ್ಕದಲ್ಲಿ ಇಟ್ಟುಕೊಂಡು ಕೂರುತ್ತಾಳಂತೆ. ಮೊದಲು ಮಿಸ್ಡ್ ಕಾಲ್ ಕೊಡುವುದು ನನಗೊಂದು ತಮಾಷೆಯ ಕಟ್ಟಳೆಯಾಗಿತ್ತು. ಈಗ ಬಸ್ಸಿನಿಂದ ಇಳಿದವನು ಟೀ ಕುಡಿಯುವುದಕ್ಕೂ ಮೊದಲು ಮರದ ಕಡೆಗೆ ಓಡುತ್ತೇನೆ.

ಆದರೂ ಕಳೆದ ವಾರ ಮರೆತೆ. ಅಂದು ಗುಡ್ಡದ ಮೇಲೆ ಸ್ವಚ್ಛತೆಯ ಸ್ಪರ್ಧೆ. ತೀರ್ಪುಗಾರರು ಬಸ್ಸಿಗಿಂತ ಮುಂಚೆಯೇ ಬಂದು ಕೂತಿದ್ದರಿಂದ, ಇಳಿದವನು ನೇರ ಅವರ ಹಿಂದೆ ಓಡಿದೆ. ದಿನವಿಡೀ ಓಡಾಡಿ, ನಮ್ಮ ವಿಭಾಗಕ್ಕೆ ಮೊದಲನೆಯ ಬಹುಮಾನ ಬಂದು, ಹಿತ್ತಾಳೆಯ ಫಲಕವನ್ನು ಕಂಕುಳಲ್ಲಿ ಇಟ್ಟುಕೊಂಡು ಮುಸ್ಸಂಜೆಗೆ ಮನೆ ತಲುಪಿದೆ. ಮನೆಯೊಳಗೆ ದೀಪ ಹಚ್ಚಿರಲಿಲ್ಲ. ದೀಪ ಹಚ್ಚಿದ ಮೇಲೆ ಗುಡಿಸಬಾರದೆಂಬುದು ನಮ್ಮ ಸಂವಿಧಾನದ ಎರಡನೆಯ ವಿಧಿ. ಗುಡಿಸದೆ ದೀಪ ಹಚ್ಚುವ ಹಾಗೂ ಇಲ್ಲ. ವರಾಂಡದ ಮೇಲೆ ಇಡೀ ದಿನದ ಕೆಂಪು ಧೂಳು ಪದರವಾಗಿ ಕೂತಿತ್ತು. ಅದರ ಅಡಿಯಲ್ಲಿ, ಮಸುಕಾಗಿ, ಗೇಟಿನ ಕಡೆಗೆ ಮುಖ ಮಾಡಿದ ನನ್ನ ಬೆಳಗಿನ ಹೆಜ್ಜೆಗಳು. ಪದ್ಮಾ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿಯೇ ಫಲಕವನ್ನು ಬೆನ್ನ ಹಿಂದೆ ಸರಿಸಿದೆ. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಬೆಳಗಿನಿಂದ ಅಲ್ಲೇ ಕೂತಿದ್ದಳು. ಮೂಗಿನ ಮೇಲೆ ಭಾವನ ಚಷ್ಮಾ ಇತ್ತು. ಆ ಗಾಜಿನಲ್ಲಿ ಅವಳಿಗೆ ಸರಿಯಾಗಿ ಏನೂ ಕಾಣುವುದಿಲ್ಲ.

“ಯಾರು?” ಎಂದಳು.

“ಬಂದೆ ಅಕ್ಕಾ,” ಎಂದೆ.

ಬೆಳಗಿನ ಹೆಜ್ಜೆಗಳ ಪಕ್ಕದಲ್ಲಿ, ಮನೆಯ ಕಡೆ ಮುಖ ಮಾಡಿ, ಒಂದೊಂದೇ ಹೆಜ್ಜೆ ಇಡುತ್ತ ಅವಳ ಹತ್ತಿರಕ್ಕೆ ಹೋದೆ. ಅವಳು ಚಷ್ಮಾ ತೆಗೆದು ನನ್ನನ್ನು ನೋಡಿದಳು, ನನ್ನ ಮಂಡಿಯನ್ನು ಒಮ್ಮೆ ಮುಟ್ಟಿದಳು. ಆಮೇಲೆ ನೆಲಕ್ಕೆ ಕೈಯೂರಿ ಎದ್ದು, ಕಸಬರಿಗೆ ತೆಗೆದುಕೊಂಡು, ಹೋದ ಹೆಜ್ಜೆಗಳನ್ನೂ ಬಂದ ಹೆಜ್ಜೆಗಳನ್ನೂ ಕೂಡಿಸಿ ಗುಡಿಸಿದಳು. ಪದ್ಮಾ ಒಳಗೆ ದೀಪ ಹಚ್ಚಿದಳು.